ಎಡಿನ್‌ಬರೋದ ಬಾಡಿಗೆ ಮನೆ: ಆರು ಕಿಟಕಿಗಳ ಚಳಿಗಾಲದ ಲೆಕ್ಕ

ಎಡಿನ್‌ಬರೋ ನಗರದ ಮಾರ್ಚ್‌ಮಂಟ್ ಬಡಾವಣೆ 1870ರ ದಶಕದಿಂದೀಚೆಗೆ ಎದ್ದದ್ದು. ಮರಳುಗಲ್ಲಿನ ದಪ್ಪ ಗೋಡೆ, ನಾಲ್ಕು ಅಂತಸ್ತು, ಒಂದೇ ಮೆಟ್ಟಿಲಿನ ಸುತ್ತ ಹಲವು ಮನೆಗಳು. ಸ್ಕಾಟ್ಲೆಂಡಿನಲ್ಲಿ ಇಂಥ ಕಟ್ಟಡಕ್ಕೆ ಟೆನಮೆಂಟ್ ಎನ್ನುತ್ತಾರೆ. ಚಾವಣಿ ಹತ್ತು ಅಡಿಗೂ ಎತ್ತರ, ಕಿಟಕಿಗಳು ಆಳೆತ್ತರ ಮೀರಿದವು. ಬೇಸಿಗೆಯಲ್ಲಿ ಮನೆ ನೋಡಲು ಹೋದವರು ಆ ಕಿಟಕಿಗಳಿಗೇ ಮನಸೋತು ಮುಂಗಡ ಕೊಟ್ಟು ಬರುತ್ತಾರೆ. ನವೆಂಬರ್ ಬಂದಾಗ ಅದೇ ಕಿಟಕಿಗಳು ಬೇರೆ ಮುಖ ತೋರಿಸುತ್ತವೆ.

ಈ ಪ್ರಕರಣ ಅಂಥದೊಂದು ಎರಡನೆಯ ಅಂತಸ್ತಿನ ಬಾಡಿಗೆ ಮನೆಯದು. ಶಿವಮೊಗ್ಗ ಕಡೆಯ ಕುಟುಂಬ. ಗಂಡ ಸಂಶೋಧಕ, ಹೆಂಡತಿ ದಾದಿ, ಶಾಲೆಗೆ ಹೋಗುವ ಮಗಳು, ಚಳಿಗಾಲದ ತಿಂಗಳುಗಳಿಗೇ ಸರಿಯಾಗಿ ಊರಿನಿಂದ ಬಂದಿಳಿದ ಗಂಡನ ತಾಯಿ. ಕಟ್ಟಡಗಳ ಶಾಖದ ಲೆಕ್ಕ ಹಾಕುವುದೇ ನನ್ನ ಹೊಟ್ಟೆಪಾಡಾದ್ದರಿಂದ, ಪರಿಚಯದ ಮೇಲೆ ನನ್ನನ್ನು ಕರೆದರು. ದೂರುಗಳು ಮೂರು. ಗ್ಯಾಸ್ ಬಿಲ್ಲು ಕೈಮೀರುತ್ತಿದೆ. ಗೋಡೆಯ ಮೇಲಿನ ಮಾಪಕ ಹತ್ತೊಂಬತ್ತು ಡಿಗ್ರಿ ತೋರಿಸುತ್ತಿದ್ದರೂ ನಡುಮನೆಯ ಸೋಫಾದಲ್ಲಿ ಕುಳಿತವರಿಗೆ ಚಳಿ ಬಿಡುವುದಿಲ್ಲ. ಬೆಳಗಾದರೆ ಗಾಜಿನ ತುಂಬ ನೀರು ಇಳಿದು, ಕಿಟಕಿಯ ಕೆಳಹಲಗೆಯ ಮೂಲೆಯಲ್ಲಿ ಕಪ್ಪು ಬೂಷ್ಟು ಹಿಡಿದಿದೆ.

ಪರಿಹಾರ ಏನೆಂದು ಮನೆಯವರು ಆಗಲೇ ತೀರ್ಮಾನಿಸಿದ್ದರು: ಜೋಡಿ ಗಾಜಿನ ಹೊಸ ಕಿಟಕಿ. ಮನೆಯೊಡೆಯನಿಂದ ಬಂದ ಉತ್ತರವೂ ನಿರೀಕ್ಷಿತವೇ. ಕಟ್ಟಡ ಸಂರಕ್ಷಿತ ಪಟ್ಟಿಯಲ್ಲಿದೆ, ಕಿಟಕಿ ಬದಲಿಸಲು ನಗರಾಡಳಿತದ ಒಪ್ಪಿಗೆ ಬೇಕು, ಖರ್ಚು ಸಾವಿರಗಟ್ಟಲೆ ಪೌಂಡು, ಈ ವರ್ಷ ಆಗುವ ಮಾತಲ್ಲ. ಮನೆಯೊಡೆಯನ ಮೇಲೆ ಸಿಟ್ಟಾಗುವುದು ಸುಲಭ. ಆದರೆ ಆ ಮನೆಯ ಕಿಟಕಿಗಳನ್ನು ನೋಡಿದ ಮೇಲೆ ನನಗನಿಸಿದ್ದು, ಗಾಜು ಇಲ್ಲಿ ಮೊದಲ ಆರೋಪಿಯೂ ಅಲ್ಲ, ಮೊದಲ ಮದ್ದೂ ಅಲ್ಲ ಎಂದು.

ಆರು ಕಿಟಕಿಗಳು. ಬೀದಿಯ ಕಡೆಗೆ ನಡುಮನೆಯಲ್ಲಿ ಎರಡು, ದೊಡ್ಡ ಮಲಗುವ ಕೋಣೆಯಲ್ಲಿ ಎರಡು, ಹಿತ್ತಲ ಕಡೆಗೆ ಅಡುಗೆಮನೆಯಲ್ಲಿ ಒಂದು, ಮಗಳ ಕೋಣೆಯಲ್ಲಿ ಒಂದು. ಎಲ್ಲವೂ ಮೇಲೆ ಕೆಳಗೆ ಸರಿಯುವ ಎರಡು ಚೌಕಟ್ಟುಗಳ ಹಳೆಯ ಮಾದರಿ. ಗೋಡೆಯೊಳಗಿನ ಪೆಟ್ಟಿಗೆಯಲ್ಲಿ ತೂಗುವ ಕಬ್ಬಿಣದ ಗುಂಡು, ರಾಟೆ ಮತ್ತು ಹಗ್ಗದ ಸಮತೋಲದಲ್ಲಿ ಚೌಕಟ್ಟು ನಿಲ್ಲುತ್ತದೆ. ಒಂಟಿ ಗಾಜು. ಒಂದೊಂದು ಕಿಟಕಿ ಸುಮಾರು 2.2 ಚದರ ಮೀಟರ್. ಒಟ್ಟು ಹದಿಮೂರು ಚದರ ಮೀಟರ್ ಚಿಲ್ಲರೆ.

ಒಂಟಿ ಗಾಜಿನ ಇಂಥ ಕಿಟಕಿಯ ಯು-ಮೌಲ್ಯ ಸುಮಾರು 5.4. ಎಂದರೆ ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸವಿದ್ದಾಗ ಚದರ ಮೀಟರಿಗೆ 5.4 ವಾಟ್ ಶಾಖ ಹೊರಟುಹೋಗುತ್ತದೆ. ಜನವರಿಯಲ್ಲಿ ಎಡಿನ್‌ಬರೋದ ಸರಾಸರಿ ಉಷ್ಣಾಂಶ ನಾಲ್ಕು ಡಿಗ್ರಿಯ ಆಸುಪಾಸು. ಒಳಗೆ ಹತ್ತೊಂಬತ್ತು ಇಟ್ಟುಕೊಂಡರೆ ವ್ಯತ್ಯಾಸ ಹದಿನೈದು. ಗುಣಿಸಿ ನೋಡಿ: ಒಂದು ಕಿಟಕಿಗೆ ಹತ್ತಿರ ಹತ್ತಿರ 180 ವಾಟ್, ಆರಕ್ಕೆ ಒಂದು ಕಿಲೋವಾಟಿಗಿಂತ ತುಸು ಹೆಚ್ಚು. ಕೆಂಪಗೆ ಕಾಯುವ ಒಂದು ಸರಳಿನ ಕರೆಂಟ್ ಹೀಟರನ್ನು ಬೀದಿಯಲ್ಲಿಟ್ಟು ಹಗಲು ರಾತ್ರಿ ಉರಿಸಿದಂತೆ.

ಇದೇ ಲೆಕ್ಕ ಉಳಿದ ಎರಡು ದೂರುಗಳನ್ನೂ ಬಿಡಿಸುತ್ತದೆ. ಹೊರಗೆ ನಾಲ್ಕು, ಒಳಗೆ ಹತ್ತೊಂಬತ್ತು ಇರುವಾಗ ಒಂಟಿ ಗಾಜಿನ ಒಳಮೈ ಎಂಟೂವರೆ ಡಿಗ್ರಿಯಷ್ಟೇ ಇರುತ್ತದೆ. ಅದರ ಮುಂದೆ ಕುಳಿತವರ ಮೈ ತನ್ನ ಶಾಖವನ್ನು ಆ ತಣ್ಣನೆಯ ಹಾಳೆಯತ್ತ ಸೂಸುತ್ತಲೇ ಇರುತ್ತದೆ. ಗಾಳಿಯ ಉಷ್ಣಾಂಶ ಎಷ್ಟಿದ್ದರೂ ಚಳಿ ಎನಿಸುತ್ತದೆ. ಆಗ ಜನ ಮಾಡುವುದೇನೆಂದರೆ ಥರ್ಮೋಸ್ಟಾಟನ್ನು ಇನ್ನೆರಡು ಡಿಗ್ರಿ ಏರಿಸುವುದು. ಇನ್ನು ನೀರಿನ ವಿಚಾರ. ಹತ್ತೊಂಬತ್ತು ಡಿಗ್ರಿಯ ಕೋಣೆಯಲ್ಲಿ ತೇವಾಂಶ ಶೇ 60 ಇದ್ದರೆ, ಹನ್ನೊಂದು ಡಿಗ್ರಿಗಿಂತ ತಣ್ಣಗಿರುವ ಯಾವ ಮೇಲ್ಮೈಯಾದರೂ ಬೆವರುತ್ತದೆ. ಎಂಟೂವರೆಯ ಗಾಜು ಬೆವರದೆ ಇನ್ನೇನು ಮಾಡೀತು? ದಿನಕ್ಕೆರಡು ಸಲ ಕುಕ್ಕರ್ ಕೂಗುವ, ಭಾನುವಾರ ಇಡ್ಲಿ ಬೇಯುವ, ಒಗೆದ ಬಟ್ಟೆಯನ್ನು, ಬಿಸಿನೀರು ಹರಿದು ಕೋಣೆ ಕಾಯಿಸುವ ರೇಡಿಯೇಟರಿನ ಮೇಲೆ ಒಣಗಿಸುವ ಮನೆಯಲ್ಲಿ ತೇವಾಂಶ ಶೇ 60ರ ಕೆಳಗೆ ಇಳಿಯುವುದೇ ಅಪರೂಪ.

ಗಾಜಿನ ಮಾತು ಇಷ್ಟಾಯಿತು. ಸಂದುಗಳ ಮಾತು ಇನ್ನೂ ದೊಡ್ಡದು.

ಹಳೆಯ ಸರಿಯುವ ಕಿಟಕಿಯಲ್ಲಿ ಗಾಳಿ ನುಸುಳಲು ಎಷ್ಟು ದಾರಿ ಎಂದು ಒಮ್ಮೆ ಹತ್ತಿರದಿಂದ ನೋಡಬೇಕು. ಮೇಲಿನ ಮತ್ತು ಕೆಳಗಿನ ಚೌಕಟ್ಟು ನಡುವೆ ಕೂಡುವ ಅಡ್ಡಪಟ್ಟಿಯ ಸಂದು. ಎರಡೂ ಪಕ್ಕದ ಜಾಡು. ಕೆಳಗಿನ ಹಲಗೆ ಮತ್ತು ಚೌಕಟ್ಟಿನ ನಡುವಿನ ಬಿರುಕು. ಹಗ್ಗ ಹಾದುಹೋಗುವ ರಾಟೆಯ ತೂತು. ಗಾಜು ಹಿಡಿಸಿದ ಪುಟ್ಟಿ ಒಣಗಿ ಉದುರಿದ ಜಾಗ. ಇವನ್ನು ಹುಡುಕಲು ದುಬಾರಿ ಉಪಕರಣ ಬೇಕಿಲ್ಲ. ದೇವರ ಮುಂದಿನ ಊದುಬತ್ತಿ ಸಾಕು. ಗಾಳಿ ಬೀಸುವ ಸಂಜೆ ಆರಿಸಿಕೊಂಡು, ಅಡುಗೆಮನೆಯ ಹೊಗೆಯೆಳೆಯುವ ಫ್ಯಾನು ಹಾಕಿ, ಬಾಗಿಲುಗಳನ್ನು ಮುಚ್ಚಿ, ಊದುಬತ್ತಿಯನ್ನು ಚೌಕಟ್ಟಿನ ಅಂಚಿನಲ್ಲಿ ನಿಧಾನವಾಗಿ ಒಯ್ಯಬೇಕು. ಹೊಗೆ ಕೋಣೆಯೊಳಕ್ಕೆ ಅಡ್ಡಡ್ಡ ಚಿಮ್ಮಿದರೆ ಅಲ್ಲಿ ಸಂದಿದೆ. ಹೊಗೆ ಗಾಜಿನ ಮೈಗುಂಟ ನೇರ ಕೆಳಕ್ಕೆ ಇಳಿದರೆ ಅದು ಸಂದಿನ ಗಾಳಿಯಲ್ಲ. ಕೋಣೆಯ ಗಾಳಿಯೇ ಗಾಜಿಗೆ ತಾಕಿ ತಣ್ಣಗಾಗಿ, ಭಾರವಾಗಿ ನೆಲಕ್ಕೆ ಬೀಳುತ್ತಿದೆ ಎಂದರ್ಥ. ಕಾಲಿಗೆ ಎರಡೂ ಒಂದೇ ರೀತಿ ತಣ್ಣಗೆ ತಾಗುತ್ತವೆ, ಆದರೆ ಮದ್ದು ಬೇರೆ ಬೇರೆ. ಮೊದಲನೆಯದಕ್ಕೆ ಸಂದು ಮುಚ್ಚಬೇಕು. ಎರಡನೆಯದಕ್ಕೆ ಗಾಜನ್ನು ಮರೆಮಾಡಬೇಕು. ಈ ವ್ಯತ್ಯಾಸ ತಿಳಿಯದೆ ರಬ್ಬರ್ ಪಟ್ಟಿ ಅಂಟಿಸಿ ಅಂಟಿಸಿ ಸೋತವರನ್ನು ಬಹಳ ಕಂಡಿದ್ದೇನೆ.

ಒಂದು ಎಚ್ಚರಿಕೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. 2022ರ ಫೆಬ್ರವರಿಯಿಂದ ಸ್ಕಾಟ್ಲೆಂಡಿನ ಮನೆಗಳಲ್ಲಿ ಹೊಗೆಯ ಅಲಾರಂಗಳು ಒಂದಕ್ಕೊಂದು ಜೋಡಿಸಿರಬೇಕು ಎಂಬ ನಿಯಮವಿದೆ. ಒಂದು ಕೂಗಿದರೆ ಮನೆಯ ಅಷ್ಟೂ ಕೂಗುತ್ತವೆ. ಊದುಬತ್ತಿಯನ್ನು ಅಲಾರಮಿನ ಕೆಳಗೆ ಹಿಡಿದು ನಿಲ್ಲಬೇಡಿ.

ಈ ಮನೆಯಲ್ಲಿ ಊದುಬತ್ತಿ ತೋರಿಸಿದ್ದು ಹೀಗೆ: ನಡುಮನೆಯ ಎಡಗಿಟಕಿಯಲ್ಲಿ ನಡುಪಟ್ಟಿಯ ಸಂದು ಬೆರಳಿನ ಉಗುರು ಹೋಗುವಷ್ಟು ಅಗಲ, ಏಕೆಂದರೆ ಚೌಕಟ್ಟನ್ನು ಒತ್ತಿ ಹಿಡಿಯಬೇಕಾದ ಹಿತ್ತಾಳೆಯ ಚಿಲಕ ಸಡಿಲವಾಗಿ ಹಿಡಿಯುತ್ತಲೇ ಇರಲಿಲ್ಲ. ಅಡುಗೆಮನೆಯ ಕಿಟಕಿಯಲ್ಲಿ ಒಂದು ಹಗ್ಗ ತುಂಡಾಗಿ ಮೇಲಿನ ಚೌಕಟ್ಟು ಒಂದು ಪಕ್ಕಕ್ಕೆ ಜಾರಿತ್ತು. ಮೇಲೆ, ಯಾರ ಕಣ್ಣಿಗೂ ಬೀಳದ ಎತ್ತರದಲ್ಲಿ, ಒಂದು ತ್ರಿಕೋನದ ಕಂಡಿ. ಅದರ ಮೂಲಕ ಚಳಿಗಾಲವಿಡೀ ಕಿಟಕಿ ತೆರೆದೇ ಇತ್ತು ಎನ್ನಬೇಕು. ಮಗಳ ಕೋಣೆಯಲ್ಲಿ ಪುಟ್ಟಿ ಉದುರಿ, ಗಾಳಿ ಜೋರಾದಾಗ ಗಾಜು ಸದ್ದು ಮಾಡುತ್ತಿತ್ತು.

ಇವೆಲ್ಲ ದುರಸ್ತಿಯ ಕೆಲಸ, ಬಾಡಿಗೆಯವರ ಕೈಖರ್ಚಲ್ಲ. ಸ್ಕಾಟ್ಲೆಂಡಿನಲ್ಲಿ ಬಾಡಿಗೆ ಮನೆಗಳಿಗೆ ‘ರಿಪೇರಿಂಗ್ ಸ್ಟ್ಯಾಂಡರ್ಡ್’ ಎಂಬ ಕನಿಷ್ಠ ಮಟ್ಟವನ್ನು ಕಾನೂನು ಗೊತ್ತುಪಡಿಸಿದೆ. ಮನೆ ಗಾಳಿ ಮಳೆ ತಡೆಯುವಂತಿರಬೇಕು ಎಂಬುದು ಅದರಲ್ಲಿ ಮೊದಲ ಸಾಲಿನ ವಿಷಯ. ಮನೆಯೊಡೆಯ ಕಿವಿಗೊಡದಿದ್ದರೆ ದೂರು ಕೇಳಲು ನ್ಯಾಯಮಂಡಳಿಯೂ ಇದೆ. ನಾನು ಹೇಳಿದ್ದು ಇಷ್ಟೇ: ‘ಹೊಸ ಕಿಟಕಿ ಕೊಡಿ’ ಎಂದು ಬರೆಯಬೇಡಿ, ‘ತುಂಡಾದ ಹಗ್ಗ, ಉದುರಿದ ಪುಟ್ಟಿ, ಕೆಲಸ ಮಾಡದ ಚಿಲಕ’ ಎಂದು ಚಿತ್ರ ಸಮೇತ ಬರೆಯಿರಿ. ಮೊದಲನೆಯದು ಉಪಕಾರ ಕೇಳಿದಂತೆ, ಎರಡನೆಯದು ಹಕ್ಕು. ಬರೆದರು. ಮರಗೆಲಸದವನು ಬಂದು ಒಂದೇ ದಿನದಲ್ಲಿ ಮೂರನ್ನೂ ಸರಿಮಾಡಿದ. ಹೊಸ ಕಿಟಕಿಗೆ ‘ಆಗದು’ ಎಂದ ಅದೇ ಮನೆಯೊಡೆಯ ಇದಕ್ಕೆ ಎರಡನೆಯ ಮಾತಾಡಲಿಲ್ಲ.

ಉಳಿದ ಸಣ್ಣ ಸಂದುಗಳಿಗೆ ಮನೆಯವರೇ ಕೈಹಾಕಿದರು. ಕೆಳಹಲಗೆಗೆ ಅಂಟುಬೆನ್ನಿನ ಸ್ಪಂಜು ಪಟ್ಟಿ. ನಡುಪಟ್ಟಿಗೆ ತೆಳುವಾದ ರಬ್ಬರ್. ಪಕ್ಕದ ಜಾಡಿಗೆ ಸ್ಪಂಜು ಹಾಕಬಾರದು, ಚೌಕಟ್ಟು ಸರಿಯುವಾಗ ಕಿತ್ತುಬರುತ್ತದೆ. ಅಲ್ಲಿಗೆ ಕುಂಚದಂಥ ಕೂದಲಿನ ಪಟ್ಟಿಯೇ ಸರಿ. ಅದನ್ನು ಮರದಲ್ಲಿ ತೋಡು ಕೊರೆದು ಕೂರಿಸುವುದು ಕುಶಲಿಗಳ ಕೆಲಸವಾದ್ದರಿಂದ ಅಂಟಿಸುವ ಬಗೆಯದನ್ನೇ ತಂದರು. ಅಂಟಿಸುವ ಮೊದಲು ಮರವನ್ನು ಸ್ಪಿರಿಟ್ಟಿನಿಂದ ಒರೆಸಿ ಒಣಗಿಸದಿದ್ದರೆ ಒಂದೇ ತಿಂಗಳಲ್ಲಿ ಪಟ್ಟಿ ಜೋತುಬೀಳುತ್ತದೆ. ಡಬ್ಬಿಯ ಮೇಲೆ ಬರೆದಿರುತ್ತದೆ, ಯಾರೂ ಓದುವುದಿಲ್ಲ.

ಇದರಿಂದ ಎಷ್ಟು ಉಳಿತಾಯ? ಗ್ಲಾಸ್ಗೋ ಕ್ಯಾಲಿಡೋನಿಯನ್ ವಿಶ್ವವಿದ್ಯಾಲಯದವರು ಹಿಸ್ಟಾರಿಕ್ ಸ್ಕಾಟ್ಲೆಂಡ್ ಸಂಸ್ಥೆಗಾಗಿ ಇಂಥದೇ ಹಳೆಯ ಕಿಟಕಿಯನ್ನು ಪ್ರಯೋಗಶಾಲೆಯಲ್ಲಿಟ್ಟು ಅಳೆದು 2008ರಲ್ಲಿ ವರದಿ ಕೊಟ್ಟಿದ್ದಾರೆ. ಸಂದುಗಳಿಗೆ ಪಟ್ಟಿ ಕೂರಿಸಿದ ಮೇಲೆ ಅದರಲ್ಲಿ ಗಾಳಿಯ ಸೋರಿಕೆ ಶೇ 86ರಷ್ಟು ಇಳಿಯಿತು. ಅದು ಕುಶಲಿಗಳು ಮಾಡಿದ ಕೆಲಸ. ಅಂಟುಪಟ್ಟಿಯಿಂದ ಅಷ್ಟನ್ನು ನಿರೀಕ್ಷಿಸಲಾಗದು. ಆದರೆ ಸಾಧಾರಣ ಕೆಲಸದ ಫಲವೂ ಸಣ್ಣದಲ್ಲ. ಈ ಮನೆಯ ಒಳಗಿನ ಗಾತ್ರ ಸುಮಾರು 250 ಘನ ಮೀಟರ್. ಒಂದು ಘನ ಮೀಟರ್ ಗಾಳಿಯನ್ನು ಒಂದು ಡಿಗ್ರಿ ಬಿಸಿಮಾಡಲು ಮೂರನೆಯ ಒಂದು ವಾಟ್-ಗಂಟೆ ಬೇಕು. ಗಂಟೆಗೆ ಮನೆಯ ಕಾಲುಭಾಗ ಗಾಳಿ ಹೊರಹೋಗುವುದನ್ನು ತಡೆದರೂ, ಅಕ್ಟೋಬರಿನಿಂದ ಏಪ್ರಿಲ್‌ವರೆಗಿನ ಏಳು ತಿಂಗಳಲ್ಲಿ ಸಾವಿರ ಯೂನಿಟ್ (ಒಂದು ಯೂನಿಟ್ ಎಂದರೆ ಒಂದು ಕಿಲೋವಾಟ್-ಗಂಟೆ) ಮೀರಿ ಉಳಿಯುತ್ತದೆ. ಒಳಗಿನ ಸರಾಸರಿಯನ್ನು ಹದಿನಾರು, ಹೊರಗಿನದನ್ನು ಆರು ಎಂದಿಟ್ಟುಕೊಂಡ ಲೆಕ್ಕ ಇದು. ರೇಡಿಯೇಟರಿನ ನೀರು ಕಾಯಿಸುವ ಬಾಯ್ಲರನ್ನು ರಾತ್ರಿ ಆರಿಸುವ ಮನೆಯಲ್ಲಿ ಸರಾಸರಿ ಸಾಮಾನ್ಯವಾಗಿ ಹದಿನಾರಕ್ಕಿಂತ ಹೆಚ್ಚಿರುವುದಿಲ್ಲ.

ಇದೇ ಅಳತೆಯಲ್ಲಿ ಆರೂ ಕಿಟಕಿಗಳ ಗಾಜಿನ ಮೂಲಕ ಹೋಗುವ ಶಾಖ ಏಳು ತಿಂಗಳಿಗೆ ಸುಮಾರು 3,600 ಯೂನಿಟ್. ಅದರಲ್ಲಿ ಎಷ್ಟನ್ನು ತಡೆಯಬಹುದು ಎಂಬಲ್ಲಿಗೆ ಒಳಕದಗಳ ಕಥೆ ಬರುತ್ತದೆ.

ನಡುಮನೆಯ ಕಿಟಕಿಯ ಎರಡೂ ಪಕ್ಕ, ಗೋಡೆಯ ದಪ್ಪದಲ್ಲಿ, ಅಲಂಕಾರದ ಮರದ ಹಲಗೆಗಳಿದ್ದವು. ಬಿಳಿಯ ಬಣ್ಣದ ಮೇಲೆ ಬಿಳಿಯ ಬಣ್ಣ ಕೂತು, ನೋಡಿದವರಿಗೆ ಅವು ಗೋಡೆಗೆ ಹೊದಿಸಿದ ಹಲಗೆಗಳಂತೆಯೇ ಕಾಣುತ್ತಿದ್ದವು. ಅಂಚಿನಲ್ಲಿ ಕೈಯಾಡಿಸಿದರೆ ಮೇಲೊಂದು ಕೆಳಗೊಂದು ಉಬ್ಬು. ಬಣ್ಣದಡಿಯಲ್ಲಿ ಹೂತುಹೋದ ಕೀಲುಗಳು. ಟೆನಮೆಂಟ್ ಕಟ್ಟಿದವರು ಕಿಟಕಿಗೆ ಒಳಗಡೆಯಿಂದ ಮಡಚುವ ಮರದ ಕದಗಳನ್ನು ಇಟ್ಟೇ ಕಟ್ಟಿದ್ದರು. ಹಗಲು ಮಡಚಿ ಪಕ್ಕದ ಗೂಡಿಗೆ ಸೇರಿಸುವುದು, ಕತ್ತಲಾದರೆ ಬಿಚ್ಚಿ ಅಡ್ಡಪಟ್ಟಿ ಹಾಕುವುದು. ಪ್ರತಿ ಕೋಣೆಗೂ ರೇಡಿಯೇಟರ್ ಬಂದ ಮೇಲೆ ಎಷ್ಟೋ ಮನೆಗಳಲ್ಲಿ ಇವನ್ನು ಮೊಳೆ ಹೊಡೆದು, ಬಣ್ಣ ಬಳಿದು ಮರೆತರು. ಬಾಡಿಗೆಯವರಂತಿರಲಿ, ಈ ಮನೆಯ ಒಡೆಯನಿಗೂ ಒಳಕದ ಇರುವುದು ಗೊತ್ತಿರಲಿಲ್ಲ.

ಆ 2008ರ ವರದಿಯಲ್ಲಿ ನನಗೆ ಬಹಳ ಹಿಡಿಸಿದ ಭಾಗ ಇದೇ. ಒಂಟಿ ಗಾಜಿನ ಕಿಟಕಿಗೆ ದಪ್ಪ ಪರದೆ ಹಾಕಿದರೆ ಶಾಖನಷ್ಟ ಶೇ 14 ಕಡಿಮೆ. ಈಗಿನ ಸುರುಳಿ ಪರದೆಗೆ ಶೇ 22. ಬರೀ ಮರದ ಕದ ಮುಚ್ಚಿದರೆ ಶೇ 51. ಕದ, ಹಳೆಯ ಬಗೆಯ ಸುರುಳಿ ಪರದೆ, ಬಟ್ಟೆಯ ಪರದೆ ಮೂರೂ ಸೇರಿದರೆ ಶೇ 62. ಒಳಗಡೆ ಎರಡನೆಯ ಗಾಜಿನ ಚೌಕಟ್ಟು ಕೂರಿಸಿದಾಗ ಸಿಕ್ಕಿದ್ದು ಶೇ 63. ಅಂದರೆ ನೂರೈವತ್ತು ವರ್ಷದ ಹಿಂದೆ ಮರಗೆಲಸದವನು ಕೊಟ್ಟುಹೋದ ಸರಂಜಾಮನ್ನು ಪೂರ್ತಿ ಬಳಸಿದರೆ, ರಾತ್ರಿಯ ಮಟ್ಟಿಗೆ ಈ ಕಾಲದ ಎರಡನೆಯ ಗಾಜಿಗೆ ಅದು ಒಂದೇ ಒಂದು ಹೆಜ್ಜೆ ಹಿಂದೆ.

‘ರಾತ್ರಿಯ ಮಟ್ಟಿಗೆ’ ಎಂಬುದನ್ನು ಕೇಳಿ ಕೆಲವರು ಮೂಗು ಮುರಿಯುತ್ತಾರೆ. ಬೆಂಗಳೂರಿನ ಅಕ್ಷಾಂಶದಲ್ಲಿ ನಿಂತು ಯೋಚಿಸಿದರೆ ಅದು ಸರಿಯೂ ಹೌದು, ಅಲ್ಲಿ ಹಗಲು ರಾತ್ರಿ ಹೆಚ್ಚುಕಡಿಮೆ ಸಮಪಾಲು. ಎಡಿನ್‌ಬರೋದಲ್ಲಿ ಡಿಸೆಂಬರ್ 21ರ ಸುಮಾರಿಗೆ ಸೂರ್ಯ ಮುಳುಗುವುದು ಮಧ್ಯಾಹ್ನ ಮೂರೂ ನಲವತ್ತಕ್ಕೆ, ಹುಟ್ಟುವುದು ಬೆಳಗ್ಗೆ ಎಂಟೂ ನಲವತ್ತರ ನಂತರ. ಹದಿನೇಳು ಗಂಟೆ ಕತ್ತಲು. ಏಳು ತಿಂಗಳ ಸರಾಸರಿ ಹಿಡಿದರೂ ಕದಗಳನ್ನು ದಿನಕ್ಕೆ ಹದಿನಾಲ್ಕು ಗಂಟೆ ಮುಚ್ಚಿಡಬಹುದು. ಕತ್ತಲಲ್ಲಿ ಹೇಗಿದ್ದರೂ ಕಿಟಕಿಯಿಂದ ಬೆಳಕು ಬರುವುದಿಲ್ಲ. ಮುಚ್ಚಿದರೆ ಕಳೆದುಕೊಳ್ಳುವುದು ಏನೂ ಇಲ್ಲ.

ಬೀದಿಯ ಕಡೆಯ ನಾಲ್ಕೂ ಕಿಟಕಿಗಳಲ್ಲಿ ಒಳಕದ ಸಿಕ್ಕವು. ಬಿಡಿಸುವ ಕೆಲಸದಲ್ಲಿ ಅವಸರ ಸಲ್ಲದು. ಹಳೆಯ ಬಣ್ಣದಲ್ಲಿ ಸೀಸ ಇರುವ ಸಂಭವ ಹೆಚ್ಚು, ಮಗು ಇರುವ ಮನೆ. ಉಜ್ಜುಕಾಗದ ಹಿಡಿದು ಒಣಗಿದ ಬಣ್ಣ ತಿಕ್ಕಿದರೆ ಆ ಪುಡಿ ಮನೆಯಿಡೀ ಹರಡುತ್ತದೆ. ನಾವು ಮಾಡಿದ್ದು: ಮನೆಯೊಡೆಯನ ಲಿಖಿತ ಒಪ್ಪಿಗೆ, ಮಗಳನ್ನು ಗೆಳತಿಯ ಮನೆಗೆ ಕಳುಹಿಸಿ, ನೆಲಕ್ಕೆ ಪ್ಲಾಸ್ಟಿಕ್ ಹಾಸಿ, ಅಂಚಿನ ಗೆರೆಗೆ ನೀರು ಚಿಮುಕಿಸುತ್ತ ಹರಿತವಾದ ಚೂರಿಯಿಂದ ಬಣ್ಣದ ಪೊರೆಯನ್ನಷ್ಟೇ ಸೀಳುವುದು. ಅಗಲ ಬಾಯಿಯ ಕರಣೆಯನ್ನು ಸಂದಿಗೆ ತೂರಿಸಿ, ಮೇಲಿನಿಂದ ಕೆಳಗೆ ಸ್ವಲ್ಪ ಸ್ವಲ್ಪವೇ ಮೀಟುವುದು. ಕದ ಬಿಡುವಾಗ ಮೊದಲು ಚಿಟಿಕೆಯಂಥ ಸದ್ದು, ಆಮೇಲೆ ಒಣಮರದ ನರಳಾಟ. ಗೂಡಿನೊಳಗೆ ಶತಮಾನದ ಧೂಳು, ಒಂದು ತುಕ್ಕು ಹಿಡಿದ ಅಡ್ಡಪಟ್ಟಿ. ಅಡ್ಡಪಟ್ಟಿಯನ್ನು ಉಜ್ಜಿ ಎಣ್ಣೆ ಕಾಣಿಸಿದ ಮೇಲೆ ಹೊಸದರಂತೆ ಕೂತಿತು.

ಮಲಗುವ ಕೋಣೆಯ ಒಂದು ಕದದಲ್ಲಿ ಕೆಳತುದಿಯ ಒಂದು ಗೇಣನ್ನು ಯಾರೋ ಹಿಂದೆ ಗರಗಸದಿಂದ ಕತ್ತರಿಸಿದ್ದರು, ರೇಡಿಯೇಟರಿನ ಪೈಪಿಗೆ ದಾರಿ ಮಾಡಲು. ಅಲ್ಲಿ ದಪ್ಪ ಬಟ್ಟೆಯ ಒಂದು ಉದ್ದ ದಿಂಬು ತುರುಕಿದರೆ ಸಾಕಾಯಿತು. ಸೊಸೆಯ ಹಳೆಯ ಕಾಟನ್ ಸೀರೆ ಆ ಕೆಲಸಕ್ಕೆ ಹೋಯಿತು.

ಒಳಕದದ ದಿನಚರಿಗೆ ಮನೆಯಲ್ಲಿ ಒಂದು ತಕರಾರು ಎದ್ದದ್ದು ನನ್ನ ಎಣಿಕೆಯಲ್ಲಿ ಇರಲಿಲ್ಲ. ಮೂರೂವರೆಗೆ ಸೊಸೆ ಕದ ಮುಚ್ಚಲು ಎದ್ದಾಗ ಅತ್ತೆ ತಡೆದರು. “ದೀಪ ಹಚ್ಚುವ ಹೊತ್ತಿನಲ್ಲಿ ಕದ ಹಾಕುತ್ತಾರೇನಮ್ಮಾ? ಲಕ್ಷ್ಮಿ ಬರುವ ಸಮಯ.” ಮುಸ್ಸಂಜೆಯಲ್ಲಿ ಮುಂಬಾಗಿಲು ಮುಚ್ಚದ ಮನೆಯಲ್ಲಿ ಅರವತ್ತು ವರ್ಷ ಬದುಕಿದವರು ಅವರು. “ಅತ್ತೆ, ಇಲ್ಲಿ ಆ ಹೊತ್ತು ಶುರುವಾದರೆ ಮುಗಿಯುವುದೇ ಇಲ್ಲವಲ್ಲ” ಎಂದಳು ಸೊಸೆ. ಎರಡು ದಿನ ಕದ ತೆರೆದೇ ಇತ್ತು. ಆಮೇಲೆ ಅತ್ತೆಯವರೇ ದಾರಿ ಹುಡುಕಿದರು: ಮೊದಲು ದೀಪ, ಒಂದು ಸಣ್ಣ ಸ್ತೋತ್ರ, ಅದು ಮುಗಿದ ಮೇಲೆ ಕದ. ಅಂದಿನಿಂದ ಆ ಮನೆಯ ಕದ ಮುಚ್ಚುವ ಜವಾಬ್ದಾರಿ ಅವರದೇ. ಮನೆಯವರ ಪೈಕಿ ಒಂದು ದಿನವೂ ಮರೆಯದವರು ಅವರೊಬ್ಬರೇ. ಶಾಖ ಉಳಿಸುವ ಯಾವ ಉಪಾಯವಾದರೂ ದಿನಾ ಕೈಯಿಂದ ಮಾಡಬೇಕಾದದ್ದಾದರೆ, ಅದನ್ನು ಯಾರು, ಯಾವ ಹೊತ್ತಿಗೆ ಮಾಡುತ್ತಾರೆ ಎಂಬುದನ್ನು ಯು-ಮೌಲ್ಯದಷ್ಟೇ ಗಂಭೀರವಾಗಿ ನೋಡಬೇಕು ಎಂಬುದು ನನ್ನ ಅಭಿಪ್ರಾಯ.

ಪರದೆಗಳ ವಿಚಾರದಲ್ಲಿ ಮನೆಯವರು ಮೊದಲೇ ಹಣ ಸುರಿದಿದ್ದರು. ನೆಲ ಮುಟ್ಟುವ, ಅಸ್ತರಿ ಹೊಲಿದ ಭಾರವಾದ ಪರದೆಗಳು. ತೊಂದರೆಯೇನೆಂದರೆ ರೇಡಿಯೇಟರ್ ಇದ್ದದ್ದು ಕಿಟಕಿಯ ಕೆಳಗೇ. ಪರದೆ ಎಳೆದ ಕೂಡಲೇ ರೇಡಿಯೇಟರ್ ಪರದೆಯ ಹಿಂದಾಯಿತು. ಬಿಸಿಗಾಳಿ ಪರದೆ ಮತ್ತು ಗಾಜಿನ ನಡುವೆ ಏರಿ, ಗಾಜಿಗೆ ಶಾಖ ಒಪ್ಪಿಸಿ, ತಣ್ಣಗಾಗಿ ಕೆಳಗಿನಿಂದ ಕೋಣೆಗೆ ಬರುತ್ತಿತ್ತು. ಇಂಥ ಕಡೆ ಪರದೆ ಹಾಕುವುದಕ್ಕಿಂತ ಹಾಕದಿರುವುದೇ ಮೇಲು. ಪರದೆಯನ್ನು ಕಿಟಕಿಯ ಕೆಳಹಲಗೆಯ ಮೇಲೆ ಕೂರುವಷ್ಟಕ್ಕೆ ಕತ್ತರಿಸಿ ಹೊಲಿದರು. ಅಷ್ಟು ಚೆಂದದ ಬಟ್ಟೆ ಕತ್ತರಿಸಲು ಸಂಕಟ ಆಗದಿರಲಿಲ್ಲ. ಪರದೆಯ ತಲೆಯ ಮೇಲೆ ಒಂದು ಅಗಲ ಹಲಗೆ ಅಡ್ಡ ಇಟ್ಟರು, ಮೇಲಿನಿಂದ ಬಿಸಿಗಾಳಿ ಹಿಂದಕ್ಕೆ ಜಾರದಂತೆ. ಈ ಹಲಗೆಯ ಖರ್ಚು ಪರದೆಯ ಖರ್ಚಿನ ಹತ್ತನೆಯ ಒಂದು ಪಾಲೂ ಇಲ್ಲ. ಆದರೂ ಪರದೆ ಕೊಳ್ಳುವವರಲ್ಲಿ ಅದನ್ನು ಕೇಳುವವರು ಕಡಿಮೆ.

ಹಿತ್ತಲ ಕಡೆಯ ಎರಡು ಕಿಟಕಿಗಳಿಗೆ ಒಳಕದ ಇರಲಿಲ್ಲ. ಅಡುಗೆಮನೆಗೆ, ಚಿಕ್ಕ ಕೋಣೆಗೆ ಕಟ್ಟಿದವರೇ ಕೊಟ್ಟಿರಲಿಲ್ಲವೋ, ಆಮೇಲೆ ಯಾರಾದರೂ ಕಿತ್ತರೋ. ಅಲ್ಲಿಗೆ ಪ್ಲಾಸ್ಟಿಕ್ ಹಾಳೆ ತಂದರು. ಚೌಕಟ್ಟಿನ ಸುತ್ತ ಎರಡೂ ಮೈ ಅಂಟುವ ಟೇಪು, ಅದರ ಮೇಲೆ ಪಾರದರ್ಶಕ ಹಾಳೆ, ಕೊನೆಗೆ ಹೇರ್ ಡ್ರೈಯರ್. ಬಿಸಿ ತಾಗಿದಂತೆ ಸುಕ್ಕುಗಳು ಮೂಲೆಯಿಂದ ಮೂಲೆಗೆ ಓಡಿ ಮಾಯವಾಗಿ ಹಾಳೆ ತಮಟೆಯ ಚರ್ಮದಂತೆ ಬಿಗಿಯುತ್ತದೆ. ಮಗಳಿಗೆ ಇದೇ ಇಡೀ ಕಾರ್ಯಕ್ರಮದ ಅತ್ಯಂತ ಮೋಜಿನ ಭಾಗ. ಗಾಜು ಮತ್ತು ಹಾಳೆಯ ನಡುವೆ ಒಂದಂಗುಲದ ಒಳಗೆ ನಿಶ್ಚಲ ಗಾಳಿ ಉಳಿಯಬೇಕು, ಕೆಲಸ ಮಾಡುವುದು ಪ್ಲಾಸ್ಟಿಕ್ ಅಲ್ಲ, ಆ ಗಾಳಿ. ಲೆಕ್ಕದ ಪ್ರಕಾರ ಯು-ಮೌಲ್ಯ 5.4ರಿಂದ 2.7ರ ಸುಮಾರಿಗೆ ಇಳಿಯುತ್ತದೆ, ಅಂದರೆ ನಷ್ಟ ಅರ್ಧ. ಅದೂ ಹಗಲು ರಾತ್ರಿ ಎರಡೂ ಹೊತ್ತು. ಹಾಳೆಯ ಒಳಮೈ ಹದಿಮೂರೂವರೆ ಡಿಗ್ರಿ ದಾಟುವುದರಿಂದ ಬೆವರುವುದಿಲ್ಲ. ಅಂಚಿನಲ್ಲಿ ಎಲ್ಲಾದರೂ ಟೇಪು ಬಿಟ್ಟಿದ್ದರೆ ಮಾತ್ರ ಒಳಗಿನ ತೇವದ ಗಾಳಿ ಹಿಂದಕ್ಕೆ ಸರಿದು, ಹಾಳೆ ಮತ್ತು ಗಾಜಿನ ನಡುವೆ ಮಂಜು ಕಟ್ಟುತ್ತದೆ. ಆಗ ತೆಗೆದು ಮತ್ತೆ ಅಂಟಿಸುವುದೊಂದೇ ದಾರಿ.

ಅಡುಗೆಮನೆಯಲ್ಲಿ ನಾನು ಒಂದು ಷರತ್ತು ಹಾಕಿದೆ: ಕೆಳಗಿನ ಚೌಕಟ್ಟಿಗೊಂದು, ಮೇಲಿನದಕ್ಕೊಂದು ಎಂದು ಹಾಳೆಗಳನ್ನು ಪ್ರತ್ಯೇಕವಾಗಿ ಅಂಟಿಸಬೇಕು, ಕಿಟಕಿ ಎಂದಿನಂತೆ ಸರಿಯುವಂತಿರಬೇಕು. ಬಾಯ್ಲರ್, ಗ್ಯಾಸ್ ಒಲೆ ಇರುವ ಕೋಣೆಯನ್ನು ಡಬ್ಬಿಯಂತೆ ಮುಚ್ಚುವುದು ಅಪಾಯ. ಗೋಡೆಯಲ್ಲಿ ಗಾಳಿಗೆಂದು ಬಿಟ್ಟ ಜಾಲರಿಯನ್ನೂ ಚಳಿಯ ನೆಪದಲ್ಲಿ ಮುಚ್ಚಬಾರದು. ಕಾರ್ಬನ್ ಮೊನಾಕ್ಸೈಡ್ ಅಲಾರಂ ಇದೆಯೇ, ಅದರ ಬ್ಯಾಟರಿ ಜೀವಂತವಿದೆಯೇ ಎಂದು ನೋಡಿದ ಮೇಲೆಯೇ ಟೇಪಿನ ಸುರುಳಿ ಬಿಚ್ಚಿದ್ದು.

ಸಂದು ಮುಚ್ಚಿದ ಮನೆಯಲ್ಲಿ ತೇವ ಎಲ್ಲಿಗೆ ಹೋಗಬೇಕು? ಮೊದಲ ವಾರವೇ ಈ ಪ್ರಶ್ನೆ ಎದುರಾಯಿತು. ಒಳಕದ ಮುಚ್ಚಿದಾಗ ಕೋಣೆ ಬೆಚ್ಚಗಾಗುತ್ತದೆ, ಆದರೆ ಕದದ ಹಿಂದಿನ ಗಾಜು ಇನ್ನಷ್ಟು ತಣ್ಣಗಾಗುತ್ತದೆ, ಕೋಣೆಯ ಶಾಖ ಈಗ ಅದಕ್ಕೆ ತಲುಪುವುದಿಲ್ಲವಲ್ಲ. ಬೆಳಗ್ಗೆ ಕದ ತೆರೆದರೆ ಗಾಜಿನ ಮೇಲೆ ಮೊದಲಿಗಿಂತ ಹೆಚ್ಚು ನೀರು. ಗಂಡನಿಗೆ ಗಾಬರಿ, ಎಲ್ಲ ಕೆಟ್ಟಿತು ಎಂದು ಫೋನು ಮಾಡಿದ. ಕೆಟ್ಟಿರಲಿಲ್ಲ. ಬೆಳಗಾದ ಕೂಡಲೇ ಕದಗಳನ್ನು ಪೂರ್ತಿ ಮಡಚಬೇಕು, ನೀರನ್ನು ರಬ್ಬರ್ ಹಲಗೆಯಿಂದ ಕೆಳಗೆಳೆದು ಬಟ್ಟೆಯಲ್ಲಿ ಹಿಂಡಿ ಬಚ್ಚಲಿಗೆ ಸುರಿಯಬೇಕು, ಆ ಬಟ್ಟೆಯನ್ನು ಮತ್ತೆ ರೇಡಿಯೇಟರಿಗೆ ಹಾಕಬಾರದು. ಆಮೇಲೆ ಹತ್ತು ನಿಮಿಷ ಎದುರುಬದುರು ಕಿಟಕಿ ತೆರೆಯುವುದು. ಊರಿನವರಿಗೆ ಇದು ಹುಚ್ಚಾಟವಾಗಿ ಕಾಣುತ್ತದೆ: ಗಾಳಿ ಬಾರದಂತೆ ಇಷ್ಟೆಲ್ಲ ಮಾಡಿ ಕೊನೆಗೆ ಕಿಟಕಿಯನ್ನೇ ತೆರೆಯುವುದೇ? ಆದರೆ ಹತ್ತು ನಿಮಿಷದಲ್ಲಿ ತೇವದ ಗಾಳಿ ಹೊರಹೋಗುತ್ತದೆ, ಗೋಡೆಯ ಕಲ್ಲಿನಲ್ಲಿ ಕೂತ ಶಾಖ ಹೋಗುವುದಿಲ್ಲ. ದಿನವಿಡೀ ಸಂದಿನಿಂದ ಸೋರುವುದಕ್ಕೂ, ನಮಗೆ ಬೇಕಾದಾಗ ತೆರೆಯುವುದಕ್ಕೂ ಇರುವ ವ್ಯತ್ಯಾಸ ಅದೇ.

ಕುಕ್ಕರ್ ಇಟ್ಟಾಗ ಅಡುಗೆಮನೆಯ ಬಾಗಿಲು ಮುಚ್ಚಿ ಫ್ಯಾನು ಹಾಕುವುದು, ಬಟ್ಟೆಗಳನ್ನು ಬಚ್ಚಲುಮನೆಯಲ್ಲಿ ಫ್ಯಾನಿನಡಿ ಒಣಗಿಸುವುದು ರೂಢಿಯಾದ ಮೇಲೆ ಹೊಸ ಬೂಷ್ಟು ಹಿಡಿಯಲಿಲ್ಲ. ಹಳೆಯದನ್ನು ಒರೆಸಿ ತೆಗೆದರು.

ಒಟ್ಟು ಲೆಕ್ಕ. ಇವು ಕಾಗದದ ಮೇಲಿನ ಅಂದಾಜುಗಳು; ಮೀಟರಿನ ಓದನ್ನು ಹಿಂದಿನ ವರ್ಷದ್ದಕ್ಕೆ ಹೋಲಿಸುವುದರಲ್ಲಿ ಅರ್ಥವಿರಲಿಲ್ಲ, ಏಕೆಂದರೆ ಈ ಸಲ ಹಗಲಿಡೀ ಮನೆಯಲ್ಲಿರುವ ಒಬ್ಬರು ಹೆಚ್ಚಾಗಿದ್ದರು. ನಾಲ್ಕು ಕಿಟಕಿಗಳ ಒಳಕದದಿಂದ ಸುಮಾರು 700 ಯೂನಿಟ್. ಎರಡು ಕಿಟಕಿಗಳ ಹಾಳೆಯಿಂದ ಸುಮಾರು 600. ಸಂದು ಮುಚ್ಚಿದ್ದರಿಂದ ಸಾವಿರ. ಒಟ್ಟು 2,300 ಯೂನಿಟ್ ಶಾಖ. ಬಾಯ್ಲರಿನ ದಕ್ಷತೆ ಶೇ 85 ಎಂದರೆ 2,700 ಯೂನಿಟ್ ಗ್ಯಾಸ್. ಯೂನಿಟ್ಟಿಗೆ ಆರು ಪೆನ್ಸ್ ಹಿಡಿದರೆ ಒಂದು ಚಳಿಗಾಲಕ್ಕೆ 160 ಪೌಂಡ್. ಪಟ್ಟಿ, ಟೇಪು, ಹಾಳೆ, ಹಲಗೆ, ಅಡ್ಡಪಟ್ಟಿಗೆ ಎಣ್ಣೆ ಎಲ್ಲ ಸೇರಿ ಆದ ಖರ್ಚು ನೂರು ಪೌಂಡಿನ ಒಳಗೆ. ಹಾಳೆಯನ್ನು ಮಾತ್ರ ಪ್ರತಿ ವರ್ಷ ಹೊಸದಾಗಿ ತರಬೇಕು.

ಸಂದು ಮುಚ್ಚುವುದರ ಪಾಲು ಮೂರರಲ್ಲಿ ದೊಡ್ಡದು ಎಂಬುದನ್ನು ಗಮನಿಸಿ. ಬಾಡಿಗೆಯವರು ಬೇಡಿಕೆಯಿಟ್ಟ ಜೋಡಿ ಗಾಜನ್ನು ಆ ಜೋತುಬಿದ್ದ ಚೌಕಟ್ಟಿಗೇ ಕೂರಿಸಿದ್ದರೆ, ತ್ರಿಕೋನದ ಕಂಡಿ ಹಾಗೆಯೇ ಇರುತ್ತಿತ್ತು. ಜೋಡಿ ಗಾಜು ಬೇಡವೆಂದಲ್ಲ. ಹಗಲು ಹೊತ್ತಿನ ನಷ್ಟಕ್ಕೆ ಒಳಕದದಲ್ಲಿ ಉತ್ತರವಿಲ್ಲ, ಬೆಳಕನ್ನು ಬಿಟ್ಟು ಶಾಖವನ್ನು ತಡೆಯಲು ಎರಡನೆಯ ಗಾಜೇ ಬೇಕು. ಅದೇ ವರದಿಯಲ್ಲಿ ಎರಡನೆಯ ಗಾಜು ಮತ್ತು ಒಳಕದ ಸೇರಿದಾಗ ನಷ್ಟ ಶೇ 75 ಇಳಿದಿದೆ. ನನ್ನ ತಕರಾರು ಕ್ರಮದ ಬಗ್ಗೆ: ಮೊದಲು ದುರಸ್ತಿ, ಆಮೇಲೆ ಸಂದು, ಆಮೇಲೆ ರಾತ್ರಿಯ ಮುಚ್ಚಿಗೆ, ಕೊನೆಯಲ್ಲಿ ಗಾಜು. ಗಾಜಿನ ವ್ಯಾಪಾರಿಗಳು ಈ ಕ್ರಮವನ್ನು ತಿರುವುಮುರುವಾಗಿ ಹೇಳುತ್ತಾರೆ, ಅದಕ್ಕೆ ಅವರ ಕಾರಣ ಅವರಿಗಿದೆ.

ಸೋಫಾ ಕಿಟಕಿಯ ಎದುರಿನಿಂದ ಗೋಡೆಯ ಬದಿಗೆ ಸರಿದಿದೆ, ಥರ್ಮೋಸ್ಟಾಟ್ ಇಪ್ಪತ್ತೊಂದರಿಂದ ಹತ್ತೊಂಬತ್ತಕ್ಕೆ ಮರಳಿದೆ. ಬಳಕೆಯಿಲ್ಲದ ಅಗ್ಗಿಷ್ಟಿಕೆಯ ಚಿಮಣಿ ಇನ್ನೂ ಬಾಯಿ ತೆರೆದುಕೊಂಡಿದೆ. ಅದರ ಮೂಲಕ ಹೋಗುವ ಗಾಳಿ ಎರಡು ಕಿಟಕಿಗೆ ಸಮ, ಮುಂದಿನ ಕೆಲಸ ಅದು. ಅಡುಗೆಮನೆಗೆ ಒಳಗಡೆಯಿಂದ ಎರಡನೆಯ ಗಾಜಿನ ಚೌಕಟ್ಟು ಹಾಕಿಸಲು ಮನೆಯೊಡೆಯ ತಾನಾಗಿ ಒಪ್ಪಿದ್ದಾನೆ, ಹೊರಗಿನ ನೋಟ ಬದಲಾಗದ್ದರಿಂದ ಅಡ್ಡಿ ಕಡಿಮೆ ಎಂಬುದು ಅವನ ಲೆಕ್ಕ. ಮಾದರಿ ಆರಿಸುವಾಗ ಸೊಸೆ ಪಟ್ಟು ಹಿಡಿದದ್ದು ಒಂದೇ ವಿಷಯಕ್ಕೆ: ಇನ್ನೊಂದು ಕೈಯಲ್ಲಿ ಸೌಟು ಇರುವಾಗಲೂ ಅದನ್ನು ಒಂದೇ ಕೈಯಲ್ಲಿ ಸರಿಸಲು ಬರಬೇಕು.